ಹೊಳೆದಂಡೆಗೆ ಕಲ್ಲು ಹಾಸುವ ಮೊದಲು

(ದೊಡ್ಡಪ್ಪ ಹೊಳೆಹೊನ್ನೂರಿನ ಅಡಿಕೆ ತೋಟದವರು. ಅವರ ತಮ್ಮನ ಮಗಳು ಬೆಂಗಳೂರಿನಲ್ಲಿ ಭೂದೃಶ್ಯ ವಿನ್ಯಾಸಕಿ. ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ತುಂಗೆಯ ದಂಡೆ ನೋಡಿಕೊಂಡು ಬಂದ ಮರುದಿನದ ಮಾತು ಇದು.)

ದೊಡ್ಡಪ್ಪ: ನಿನ್ನೆ ನೋಡಿದೆಯಲ್ಲ, ಏನನ್ನಿಸ್ತು ಹೇಳು. ನಡೆಯೋಕೆ ದಾರಿ, ಸೈಕಲ್ಲಿಗೆ ದಾರಿ, ದೀಪ, ಕೂರೋಕೆ ಕಟ್ಟೆ, ಮಕ್ಕಳಿಗೆ ಆಟದ ಜಾಗ. ಒಂದು ಕಾಲದಲ್ಲಿ ಆ ದಂಡೆಯ ಕಡೆ ಜನ ಮುಖ ಹಾಕ್ತಿರಲಿಲ್ಲ. ನಮ್ಮೂರೂ ಈಗ ಪಟ್ಟಣ ಪಂಚಾಯಿತಿ. ನಮಗೂ ಭದ್ರಾ ಹೊಳೆ ಇದೆ, ಸತ್ಯಧರ್ಮತೀರ್ಥರ ವೃಂದಾವನಕ್ಕೆ ಬರೋ ಭಕ್ತರಿದ್ದಾರೆ, ಪಕ್ಕದಲ್ಲೇ ಕೂಡ್ಲಿ ಸಂಗಮ ಇದೆ. ನೀನು ಇದನ್ನೇ ಓದಿದವಳು. ಅಂಥದ್ದೊಂದು ನಕ್ಷೆ ಹಾಕಿಕೊಡು, ಪಂಚಾಯಿತಿಗೆ ನಾನು ಕೊಡ್ತೀನಿ.

ಮಗಳು: ಹಾಕಿಕೊಡ್ತೀನಿ ದೊಡ್ಡಪ್ಪ. ಯಾವ ತಿಂಗಳ ಭದ್ರೆಗೆ ಹಾಕಲಿ? ಏಪ್ರಿಲ್ಲಿನದಕ್ಕಾ, ಆಗಸ್ಟಿನದಕ್ಕಾ?

ದೊಡ್ಡಪ್ಪ: ಹೊಳೆ ಒಂದೇ ಅಲ್ಲವಾ?

ಮಗಳು: ಏಪ್ರಿಲ್ಲಿನಲ್ಲಿ ಬಂಡೆಗಳು ಕಾಣ್ತಾವೆ, ಹುಡುಗರು ನಡುವೆ ಇಳಿದು ಆಡ್ತಾರೆ. ಲಕ್ಕವಳ್ಳಿಯ ಭದ್ರಾ ಡ್ಯಾಂ 186 ಅಡಿ ಮುಟ್ಟಿ ಗೇಟು ತೆಗೆದ ದಿನ ಅದೇ ಹೊಳೆ ಎಲ್ಲಿ ತನಕ ಬರುತ್ತೆ ಅಂತ ನನಗಿಂತ ನಿಮಗೆ ಗೊತ್ತು. ನಕ್ಷೆಯಲ್ಲಿ ಮಾತ್ರ ಹೊಳೆಗೆ ಎರಡೇ ಗೆರೆ, ಈ ದಂಡೆಗೊಂದು, ಆ ದಂಡೆಗೊಂದು. ಅನುರಾಧಾ ಮಾಥುರ್, ದಿಲೀಪ್ ದ ಕುನ್ಹಾ ಅಂತ ಇಬ್ಬರು ಇದರ ಮೇಲೆ ಜೀವಮಾನ ಕೆಲಸ ಮಾಡಿದರು. ಬೆಂಗಳೂರಿನ ನೆಲದ ಮೇಲೆ 2006ರಲ್ಲಿ ‘ಡೆಕ್ಕನ್ ಟ್ರಾವರ್ಸಸ್’, ಮುಂಬೈ ನೀರಿನ ಮೇಲೆ 2009ರಲ್ಲಿ ‘ಸೋಕ್’ ಅಂತ ಪುಸ್ತಕ ತಂದರು. ಅವರ ವಾದ ಇಷ್ಟು: ಮಳೆ, ತೇವ, ಒರತೆ, ಹರಿವು ಎಲ್ಲ ಸೇರಿದ ವರ್ಷದ ಆಟದಲ್ಲಿ ಒಂದು ಗಳಿಗೆಯನ್ನು ಹಿಡಿದು ನಾವು ಗೆರೆ ಎಳೀತೀವಿ, ಆಮೇಲೆ ನೀರು ಗೆರೆ ದಾಟಿದರೆ ಪ್ರವಾಹ ಅಂತ ನೀರಿನ ಮೇಲೆ ತಪ್ಪು ಹೊರಿಸ್ತೀವಿ.

ದೊಡ್ಡಪ್ಪ: ಅದು ಸರಿ. ಜಡಿಮಳೆಯಲ್ಲಿ ಸರ್ವೆ ಚೈನು ಹಿಡಿದು ಯಾರು ನಿಲ್ತಾರೆ? ಆದರೆ ನಮಗೆ ನಕ್ಷೆ ಬೇಕಾಗಿಲ್ಲ, ಗುರುತುಗಳಿವೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಕಲ್ಲಿನ ಮಂಟಪ ಇದೆಯಲ್ಲ, ಅದು ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ. ಜನ ಬಾಗಿನ ಹಿಡಿದುಕೊಂಡು ನೋಡೋಕೆ ಹೋಗ್ತಾರೆ. ಭದ್ರಾವತಿಯಲ್ಲಿ ಹೊಸ ಸೇತುವೆ ಮುಳುಗಿದರೆ, ಕವಲಗುಂದಿಗೆ ನೀರು ನುಗ್ಗಿದರೆ, ಇಲ್ಲಿ ನಾವು ಹೊಳೆ ಅಂಚಿನ ಪಂಪು ಕಳಚಿ ಮೇಲೆ ತರ್ತೀವಿ.

ಮಗಳು: ನನಗೆ ಬೇಕಾದ ಮೊದಲ ದಾಖಲೆ ಅದೇ. ಇನ್ನೊಂದು ವಿಷಯ ಗಮನಿಸಿ. ತುಂಗೆಗೂ ಭದ್ರೆಗೂ ಗುಣ ಬೇರೆ. ತುಂಗೆಯ ಗಾಜನೂರು ಡ್ಯಾಂ ಹಿಡಿಯೋದು 3.24 ಟಿಎಂಸಿ, ಭದ್ರಾ ಡ್ಯಾಂ ಹಿಡಿಯೋದು 71.5 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಮುಂಗಾರು ಜೋರು ಹಿಡಿದರೆ ಗಾಜನೂರು ಜೂನಿನಲ್ಲೇ ತುಂಬಿಬಿಡುತ್ತೆ, ಅಲ್ಲಿಂದ ಮುಂದೆ ಬಿದ್ದ ಮಳೆಯೆಲ್ಲ ನೇರ ಶಿವಮೊಗ್ಗಕ್ಕೆ. 2019ರ ಆಗಸ್ಟಿನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಭದ್ರೆ ಹಾಗಲ್ಲ. ದೊಡ್ಡ ಡ್ಯಾಂ ಬಹಳ ದಿನ ತಡೆಯುತ್ತೆ, ತಡೆಯೋವಷ್ಟು ದಿನ ನಾವು ಹೊಳೆ ಇಷ್ಟೇ ಅಂತ ನಂಬ್ತೀವಿ, ಗೇಟು ತೆಗೆದಾಗ ಗಾಬರಿ. ಇನ್ನು ಕೆಲವು ವರ್ಷ ಡ್ಯಾಂ ತುಂಬೋದೇ ಇಲ್ಲ. ಅಂಥ ವರ್ಷ ಜನಕ್ಕೆ ಧೈರ್ಯ ಬರುತ್ತೆ, ಹೊಳೆ ಪಕ್ಕದ ಜಾಗಕ್ಕೆ ಬೆಲೆ ಬರುತ್ತೆ. ತುಂಗೆಗೆ ಮಾಡಿದ ನಕ್ಷೆಯನ್ನು ಭದ್ರೆಗೆ ತಂದು ಹಾಕೋದು ಅದಕ್ಕೇ ಆಗೋಲ್ಲ.

ದೊಡ್ಡಪ್ಪ: ಹಾಗಾದರೆ ಶಿವಮೊಗ್ಗದವರು ಮಾಡಿದ್ದು ತಪ್ಪು ಅಂತೀಯಾ?

ಮಗಳು: ಅಲ್ಲ. ಶಿವಮೊಗ್ಗ 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ ಕೆಲಸ ಅಂದರೆ ಕನ್ಸರ್ವೆನ್ಸಿಗಳದ್ದು. ಮನೆ ಹಿಂದಿನ ಆ ಸಣ್ಣ ಗಲ್ಲಿಗಳು, ಹಿಂದೆ ಮಲ ಹೊರೋರು ಓಡಾಡೋಕೆ ಅಂತ ಬಿಟ್ಟವು, ಆಮೇಲೆ ಕಸದ ಗುಂಡಿಗಳಾಗಿದ್ದವು. ಅವನ್ನು ಗುಡಿಸಿ, ಚರಂಡಿ ಸರಿಮಾಡಿ, ನೆಲ ಹಾಸಿ, ದೀಪ ಹಾಕಿ ಊರಿಗೆ ವಾಪಸ್ ಕೊಟ್ಟರು. ಹೊಸ ಜಾಗ ಕೊಳ್ಳಲಿಲ್ಲ, ಊರಿನೊಳಗೇ ಸತ್ತು ಬಿದ್ದಿದ್ದ ಜಾಗಕ್ಕೆ ಜೀವ ಬಂತು. ಕೇಂದ್ರದ ಸ್ಮಾರ್ಟ್ ಸಿಟಿ ಪ್ರಶಸ್ತಿಯಲ್ಲೂ ಆ ಕೆಲಸಕ್ಕೆ ಮನ್ನಣೆ ಸಿಕ್ಕಿತು. ನಗರ ವಿನ್ಯಾಸ ಅಂದರೆ ನನಗೆ ಅದು. ತುಂಗೆಯ ದಂಡೆಯಲ್ಲೂ ಸಂಜೆ ನಡೆಯೋಕೆ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ. ನನ್ನ ತಕರಾರು ಆ ಕಟ್ಟೆಯ ಮೇಲಿನದಲ್ಲ, ಕೆಳಗಿನ ನೀರಿನದು.

ದೊಡ್ಡಪ್ಪ: ನೀರಿನ ಮಾತು ಬಂದರೆ ನಾವೇ ಹೇಳಬೇಕು. ಮೇಲಿನ ಊರಿನವರು ಬಿಟ್ಟದ್ದು ನಮಗೇ ತಾನೆ ಬರೋದು!

ಮಗಳು: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಮಲಿನ ನದಿಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17. ಅದರಲ್ಲಿ ತುಂಗೆಯದು ಶಿವಮೊಗ್ಗದಿಂದ ಕೂಡ್ಲಿವರೆಗೆ, ಭದ್ರೆಯದು ಭದ್ರಾವತಿ ಮತ್ತು ಹೊಳೆಹೊನ್ನೂರಿನ ನಡುವೆ. ನಮ್ಮೂರಿನ ಹೆಸರು ದಿಲ್ಲಿಯ ಪಟ್ಟಿಗೆ ಹೋಗಿರೋದು ಆ ರೀತಿ.

ದೊಡ್ಡಪ್ಪ: ಭದ್ರಾವತಿಯ ಕಾಗದದ ಕಾರ್ಖಾನೆ, ಎಂಪಿಎಂ, ನಡೀತಿದ್ದಾಗ ಹೊಳೆ ಬಣ್ಣವೇ ಬೇರೆ ಇರ್ತಿತ್ತು. ಅದು ನಿಂತು ಇಷ್ಟು ವರ್ಷ ಆಯ್ತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚೋಕೆ 2023ರಲ್ಲಿ ತೀರ್ಮಾನ ಮಾಡಿದರು. ಹೊಟ್ಟೆಪಾಡು ಹೋಯ್ತು, ಹೊಳೆಯಾದರೂ ತಿಳಿಯಾಗಬೇಕಿತ್ತು. ಆಗಲಿಲ್ಲ.

ಮಗಳು: ಯಾಕೆಂದರೆ ಈಗ ಬರ್ತಿರೋದು ಕಾರ್ಖಾನೆಯ ನೀರಿಗಿಂತ ಹೆಚ್ಚಾಗಿ ಮನೆಯ ನೀರು. ನಮ್ಮ ನಿಮ್ಮ ಬಚ್ಚಲು, ಪಾಯಿಖಾನೆಯದು. ಕಾರ್ಖಾನೆಗೆ ಒಂದು ಗೇಟು ಇರುತ್ತೆ, ಅದರ ಮುಂದೆ ಹೋಗಿ ಕೂಗಬಹುದು. ಸಾವಿರ ಮನೆಯ ಚರಂಡಿಗೆ ಯಾವ ಗೇಟು? ತುಂಗಭದ್ರೆ ನಿರ್ಮಲವಾಗಬೇಕು ಅಂತ 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಪಾದಯಾತ್ರೆ ಹೊರಟರಲ್ಲ, ಅವರು ದಾರಿಯುದ್ದಕ್ಕೂ ಹೇಳಿದ್ದೂ ಇದನ್ನೇ. ಶಿವಮೊಗ್ಗದ ದಂಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಮೋರಿಗಳು ಹೊಳೆಗೆ ಇಳಿಯೋದು ಕಾಣುತ್ತೆ. ಮೇಲೆ ಹೂವಿನ ಗಿಡ, ಕೆಳಗೆ ಕೊಳಚೆ. ನದಿದಂಡೆ ಯೋಜನೆ ಅಂದಾಗ ನಮ್ಮ ದೇಶದಲ್ಲಿ ಎಲ್ಲರ ಕಣ್ಣ ಮುಂದೆ ಬರೋದು ಅಹಮದಾಬಾದಿನ ಸಾಬರಮತಿ. ಅಲ್ಲಿ ಎರಡೂ ಕಡೆ ಹನ್ನೊಂದು ಕಿಲೋಮೀಟರಿಗೂ ಉದ್ದ ಗೋಡೆ ಕಟ್ಟಿ ಹೊಳೆಯನ್ನು ಒಂದೇ ಅಗಲಕ್ಕೆ ತಂದರು. ಸಾಬರಮತಿಯಲ್ಲಿ ವರ್ಷದ ಬಹುಪಾಲು ನೀರೇ ಇರೋಲ್ಲ. ಈಗ ಅಲ್ಲಿ ಕಾಣೋದು ನರ್ಮದಾ ಕಾಲುವೆಯಿಂದ ತಂದು ತುಂಬಿದ ನೀರು. ಅದು ಆ ಊರಿನ ದಾರಿ. ಅದನ್ನು ನೋಡಿ ಎಲ್ಲ ಊರಿನವರೂ ಗೋಡೆ, ಗ್ರಾನೈಟು, ಕಾರಂಜಿ ಅಂತ ಹೊರಟಿದ್ದಾರೆ. ಗೋಡೆ ಕಟ್ಟಿದ ಮೇಲೆ ನೀರು ವೇಗ ಹಿಡಿದು ಕೆಳಗಿನ ಊರಿಗೆ ನುಗ್ಗುತ್ತೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಕೆಳಗಿನ ಊರು ಯಾವುದು?

ದೊಡ್ಡಪ್ಪ: ಕೂಡ್ಲಿ, ಹೊಳೆಹೊನ್ನೂರು.

ಮಗಳು: ಹೊಳೆಹೊನ್ನೂರು ಕಟ್ಟಿದರೆ ಇನ್ನೂ ಕೆಳಗಿನವರಿಗೆ. ಹೊನ್ನಾಳಿ, ಹರಿಹರ.

ದೊಡ್ಡಪ್ಪ: ಬೇಡ ಅನ್ನೋದನ್ನೇ ಹೇಳ್ತಾ ಹೋದರೆ ಊರು ಒಪ್ಪೋಲ್ಲ ಮಗಳೇ. ಬೇಕು ಅನ್ನೋದನ್ನ ಹೇಳು. ಎಲ್ಲಾದರೂ ಹೊಳೆಯನ್ನ ಹೊಳೆಯಾಗಿ ಬಿಟ್ಟು ಚೆಂದ ಮಾಡಿದ್ದು ಇದೆಯಾ?

ಮಗಳು: ಇದೆ. ಯು ಕೊಂಗ್‌ಜಿಯಾನ್ ಅಂತ ಚೀನಾದ ಭೂದೃಶ್ಯ ವಿನ್ಯಾಸಕರಿದ್ದರು. 2025ರ ಸೆಪ್ಟೆಂಬರ್ 23ರಂದು ಬ್ರೆಜಿಲಿನ ಪಂತನಾಲ್ ಜೌಗು ಪ್ರದೇಶದಲ್ಲಿ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ನೀರಿನ ಊರುಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡೋಕೆ ಹೋಗಿದ್ದರು. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ಯಾರಿಗೂ ಕೆಲಸ ಮಾಡೋಕಾಗಲಿಲ್ಲ. ರೈತರ ಮಗ. ಚಿಕ್ಕವರಿದ್ದಾಗ ತುಂಬಿದ ಹಳ್ಳಕ್ಕೆ ಬಿದ್ದು ಕೊಚ್ಚಿಹೋಗ್ತಿದ್ದರಂತೆ, ದಂಡೆಯ ಜೊಂಡು, ಬಾಗಿದ ಮರದ ಕೊಂಬೆ ಹಿಡಿದು ಬದುಕಿದರಂತೆ. ಆ ದಂಡೆಗೆ ಕಾಂಕ್ರೀಟು ಹಾಕಿದ್ದರೆ ನಾನು ಉಳೀತಿರಲಿಲ್ಲ ಅಂತ ಹೇಳ್ತಿದ್ದರು. ಹಾರ್ವರ್ಡಿನಲ್ಲಿ ಓದಿ ವಾಪಸ್ ಬಂದು 1998ರಲ್ಲಿ ಬೀಜಿಂಗಿನಲ್ಲಿ ತಮ್ಮ ವಿನ್ಯಾಸ ಸಂಸ್ಥೆ ಶುರುಮಾಡಿದರು. ಊರು ಮಳೆನೀರನ್ನು ಪೈಪಿನಲ್ಲಿ ಓಡಿಸಬಾರದು, ಹೀರಿಕೊಳ್ಳಬೇಕು ಅಂತ ಅವರ ಹಟ. ಅದೇ ‘ಸ್ಪಾಂಜ್ ಸಿಟಿ’. ಚೀನಾ ಸರ್ಕಾರ 2015ರಲ್ಲಿ 16 ಊರುಗಳಲ್ಲಿ ಅದನ್ನು ಪ್ರಯೋಗಕ್ಕೆ ಇಳಿಸಿತು.

ದೊಡ್ಡಪ್ಪ: ಹಾಗೆ ಮಾಡಿದ ಊರಿಗೆ ಪ್ರವಾಹ ಬರಲಿಲ್ಲವಾ?

ಮಗಳು: ಬಂತು. ಝೆಂಗ್‌ಝೌ ಅಂತ ಊರು, ಸ್ಪಾಂಜ್ ಸಿಟಿಗೆ ಬಹಳ ಹಣ ಸುರಿದಿತ್ತು. 2021ರ ಜುಲೈನಲ್ಲಿ ಒಂದೇ ಗಂಟೆಯಲ್ಲಿ 200 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಮೆಟ್ರೋ ಸುರಂಗದಲ್ಲಿ ಜನ ಸತ್ತರು. ಅಂಥ ಮಳೆಗೆ ಯಾವ ವಿನ್ಯಾಸವೂ ಪೂರ್ತಿ ಉತ್ತರ ಅಲ್ಲ. ಆದರೆ ನಾನು ನಿಮಗೆ ಹೇಳಬೇಕು ಅಂದುಕೊಂಡಿದ್ದು ಅವರ ದೊಡ್ಡ ಕೆಲಸಗಳನ್ನಲ್ಲ. ಚಿನ್‌ಹುವಾಂಗ್‌ಡಾವ್ ಅನ್ನೋ ಊರಿನಲ್ಲಿ ಒಂದು ಹೊಳೆ. ದಂಡೆಯಲ್ಲಿ ಗಿಡಗಂಟಿ ಬೆಳೆದು ಕಸ ಬಿದ್ದು ಜನ ಹೋಗೋಕೆ ಹೆದರ್ತಿದ್ದರು. ಯು ಅಲ್ಲಿದ್ದ ಗಿಡಮರಗಳನ್ನು ಆದಷ್ಟು ಹಾಗೇ ಉಳಿಸಿದರು, ದಂಡೆಗೆ ಕಲ್ಲು ಹಾಕಲಿಲ್ಲ. ಮರಗಳ ನಡುವೆ 500 ಮೀಟರ್ ಉದ್ದದ ಒಂದೇ ಒಂದು ಕೆಂಪು ಬೆಂಚು ಹಾಯಿಸಿದರು. ಅದೇ ಕೂರೋ ಜಾಗ, ಅದರೊಳಗೇ ದೀಪ, ಪಕ್ಕದಲ್ಲಿ ಕಾಲುದಾರಿ. ಅಷ್ಟೇ. ಜಗತ್ತೆಲ್ಲ ಅದನ್ನು ನೋಡೋಕೆ ಹೋಯ್ತು.

ದೊಡ್ಡಪ್ಪ: ಅದು ನಮ್ಮ ಪಂಚಾಯಿತಿಯ ಜೇಬಿಗೂ ಸರಿಹೋಗುತ್ತೆ. ಆದರೆ ನಮ್ಮ ದಂಡೆಯಲ್ಲಿ ಮರ ಎಲ್ಲಿ ಉಳಿದಿದೆ? ನಾನು ಹುಡುಗನಾಗಿದ್ದಾಗ ಹೊಳೆಮತ್ತಿ ಸಾಲು ಇತ್ತು. ನಡುನಡುವೆ ಹೊಂಗೆ, ಅತ್ತಿ, ನೇರಳೆ, ಕೆಳಗೆ ಲಕ್ಕಿ ಗಿಡ. ಆ ಬೇರು ಮಣ್ಣು ಹಿಡಿದಿಟ್ಟುಕೊಳ್ತಿತ್ತು. ಈಗ ಮರಳು ತೆಗೆದರು, ಮರ ಹೋಯ್ತು, ದಂಡೆ ಕುಸೀತು. ಕುಸಿದ ಮೇಲೆ ಕಲ್ಲಿನ ಗೋಡೆ ಬೇಕು ಅಂತ ನಮ್ಮವರೇ ಅರ್ಜಿ ಕೊಡ್ತಾರೆ. ನಾನೂ ಸಹಿ ಹಾಕಿದ್ದೀನಿ.

ಮಗಳು: ಹೊಳೆಮತ್ತಿಯನ್ನೇ ವಾಪಸ್ ನೆಡೋಣ. ನೀರಿನಲ್ಲಿ ವಾರಗಟ್ಟಲೆ ನಿಂತರೂ ಜಗ್ಗದ ಮರ ಅದು. ಗಿಡ ನೆಟ್ಟು ನಾಲ್ಕೈದು ಮಳೆಗಾಲ ಕಾಯಬೇಕು. ಗೋಡೆಯಾದರೆ ಒಂದೇ ಬೇಸಿಗೆಯಲ್ಲಿ ಆಗುತ್ತೆ, ಬಿಲ್ಲೂ ಆಗುತ್ತೆ. ಆ ವ್ಯತ್ಯಾಸವೇ ನಮ್ಮ ಕಷ್ಟ.

ದೊಡ್ಡಪ್ಪ: ಇನ್ನೊಂದು ಕಷ್ಟ ನೀನು ಹೇಳಲಿಲ್ಲ. ಹೊಳೆಗೆ ಜಾಗ ಬಿಡಿ, ಹೊಳೆಗೆ ಜಾಗ ಬಿಡಿ ಅಂತೀರಿ. ಆ ಜಾಗ ಯಾರದು? ಹೊಳೆ ಬದಿಯಲ್ಲಿ ಅರ್ಧ ಎಕರೆ, ಒಂದು ಎಕರೆ ಇರೋ ಬಡವರದ್ದು. ಊರು ಚೆಂದ ಕಾಣಲಿ ಅಂತ ಅವರ ಗದ್ದೆ ಬಿಡಿಸಿದರೆ ಅದು ನ್ಯಾಯವಾ?

ಮಗಳು: ಅಲ್ಲ. ಡಚ್ಚರು ಇದಕ್ಕೆ ಒಂದು ದಾರಿ ಹುಡುಕಿದರು. ಅವರ ದೇಶದ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ಕೆಳಗೆ. ನೂರಾರು ವರ್ಷ ಏರಿಯನ್ನೇ ಎತ್ತರಿಸ್ತಾ ಬಂದವರು. 1993 ಮತ್ತು 1995ರ ಪ್ರವಾಹ ಬಂದಾಗ ಲಕ್ಷಗಟ್ಟಲೆ ಜನರನ್ನು ಸಾಗಿಸಬೇಕಾಯಿತು. ಆಗ ಯೋಚನೆ ತಿರುಗಿತು. ಏರಿ ಎತ್ತರಿಸೋ ಬದಲು ಮೂವತ್ತಕ್ಕೂ ಹೆಚ್ಚು ಕಡೆ ನದಿಗೇ ಜಾಗ ಮಾಡಿಕೊಟ್ಟರು. ಓವರ್‌ಡೀಪ್ಸೆ ಅನ್ನೋ ಕಡೆ ಹಸು ಸಾಕೋ ರೈತರಿದ್ದರು. ಸರ್ಕಾರ ಏಳಿ ಅನ್ನೋ ಮೊದಲೇ ರೈತರೇ ಕೂತು ಒಂದು ನಕ್ಷೆ ಮಾಡಿದರು: ಏರಿ ತಗ್ಗಿಸಿ, ದೊಡ್ಡ ನೆರೆ ಬಂದಾಗ ನೀರು ನಮ್ಮ ಹುಲ್ಲುಗಾವಲಿಗೆ ಬರಲಿ, ನಮ್ಮ ಮನೆ, ಕೊಟ್ಟಿಗೆಗೆ ಎತ್ತರದ ದಿಬ್ಬ ಮಾಡಿಕೊಡಿ. ಸರ್ಕಾರ ಒಪ್ಪಿತು. ಎಂಟು ದಿಬ್ಬ ಎದ್ದವು. ಅಲ್ಲಿರೋಕೆ ಮನಸ್ಸಿಲ್ಲದವರು ಪರಿಹಾರ ತಗೊಂಡು ಬೇರೆ ಕಡೆ ಹೋದರು. ಜಮೀನು ಜಮೀನಾಗೇ ಉಳಿಯಿತು.

ದೊಡ್ಡಪ್ಪ: ರೈತರೇ ನಕ್ಷೆ ಮಾಡಿದರು ಅಂದೆಯಲ್ಲ, ಅದು ಸರಿಯಾದ ಮಾತು. ಭತ್ತದ ಗದ್ದೆ ಎರಡು ದಿನ ನೀರಲ್ಲಿ ನಿಂತರೆ ತಡೆಯುತ್ತೆ. ಅಡಿಕೆ ತೋಟ ತಡೆಯೋಲ್ಲ, ಬೇರು ಕೊಳೆಯುತ್ತೆ. ಈಗ ಭದ್ರಾ ನಾಲೆ ನೀರು ಇರೋ ಕಡೆಯೆಲ್ಲ ಗದ್ದೆ ಕಿತ್ತು ತೋಟ ಮಾಡಿದ್ದೀವಿ. ತೋಟ ಮಾಡುವಾಗ ನಾವು ಮೊದಲು ಏನು ತೆಗೀತೀವಿ ಹೇಳು?

ಮಗಳು: ಬಸಿಗಾಲುವೆ.

ದೊಡ್ಡಪ್ಪ: ಗಿಡ ಆಮೇಲೆ. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗೋ ತನಕ ಒಂದು ಗುಂಡಿಯನ್ನೂ ತೋಡೋಲ್ಲ. ಇವರು ಲೇಔಟು ಮಾಡ್ತಾರಲ್ಲ, ಬಸಿಗಾಲುವೆ ಇಲ್ಲದ ತೋಟ ಅದು. ಗದ್ದೆಗೆ ಅಲಿನೇಷನ್ ಆಯ್ತು, ನಡುವೆ ಇದ್ದ ಹಳ್ಳಕ್ಕೆ ಮಣ್ಣು ತುಂಬಿದರು, ಕಲ್ಲು ನೆಟ್ಟರು, ಸೈಟು ಮಾರಿದರು. ಮಳೆ ಬಂದಾಗ ಹಳ್ಳ ಎಲ್ಲಿಗೆ ಹೋಗುತ್ತೆ? ಮನೆಯೊಳಗೆ.

ಮಗಳು: ಈ ಮಾತನ್ನ ನಾನು ನಮ್ಮ ಕಾಲೇಜಿನ ಹುಡುಗರಿಗೆ ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಇಯಾನ್ ಮೆಕ್‌ಹಾರ್ಗ್ 1969ರಲ್ಲಿ ಬರೆದ ‘ಡಿಸೈನ್ ವಿತ್ ನೇಚರ್’ ನಮಗೆಲ್ಲ ಪಠ್ಯ. ಅದರ ಕ್ರಮ ಸುಲಭ. ಒಂದು ಹಾಳೆಯಲ್ಲಿ ಇಳಿಜಾರು, ಇನ್ನೊಂದರಲ್ಲಿ ಮಣ್ಣು, ಮತ್ತೊಂದರಲ್ಲಿ ನೀರಿನ ದಾರಿ, ಮತ್ತೊಂದರಲ್ಲಿ ಮರ. ಎಲ್ಲ ಟ್ರೇಸಿಂಗ್ ಹಾಳೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಎಲ್ಲಿ ಮನೆ ಕಟ್ಟಬಾರದು ಅಂತ ತಾನೇ ಕಾಣುತ್ತೆ. ಈಗ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತೆ. ಆದರೆ ಹೊಳೆಹೊನ್ನೂರಿಗೆ ಕಂಪ್ಯೂಟರೇ ಬೇಕಾಗಿಲ್ಲ. ಭೂಮಾಪನ ಇಲಾಖೆಯ ಗ್ರಾಮ ನಕಾಶೆ ತೆಗೆಸೋಣ. ಅದರಲ್ಲಿ ಹಳ್ಳ, ಕೆರೆ, ಗುಂಡುತೋಪು, ಬಂಡಿದಾರಿ ಎಲ್ಲ ಇದೆ. ಪಹಣಿಯಲ್ಲಿ ‘ಬಿ ಖರಾಬು’ ಅಂತ ಬರೆದಿರೋದು ಅವೇ, ಸಾರ್ವಜನಿಕರದ್ದು.

ದೊಡ್ಡಪ್ಪ: ಬಿ ಖರಾಬು ಅಂದರೆ ಯಾರಿಗೂ ಬೇಡದ ಜಾಗ ಅಂತ ಜನ ತಿಳಿದಿದ್ದಾರೆ.

ಮಗಳು: ಊರಿನ ನೀರೆಲ್ಲ ಓಡಾಡೋದು ಅದರಲ್ಲೇ. ಈಗ ‘ದಿಶಾಂಕ್’ ಅಂತ ರಾಜ್ಯ ಸರ್ಕಾರದ ಮೊಬೈಲ್ ಆ್ಯಪ್ ಇದೆ. ನಿಂತ ಜಾಗದಲ್ಲೇ ತೆಗೆದರೆ ಸರ್ವೆ ನಂಬರು ಬರುತ್ತೆ, ಅಲ್ಲಿ ಕೆರೆ ಇತ್ತಾ, ಹಳ್ಳ ಇತ್ತಾ ಅಂತ ಹಳೆಯ ನಕ್ಷೆಯ ಪ್ರಕಾರ ಕಾಣುತ್ತೆ. ಇಸ್ರೋದ ‘ಭುವನ್’ನಲ್ಲಿ ಉಪಗ್ರಹದ ಚಿತ್ರ ಪುಕ್ಕಟೆ ನೋಡಬಹುದು. ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಹಳ್ಳ ಮಾಯ ಆಗಿದೆ ಅಂತ ಹೈಸ್ಕೂಲು ಮಕ್ಕಳೂ ಹೇಳಬಹುದು. ಸೈಟು ಕೊಳ್ಳೋ ಮೊದಲು ಪ್ರತಿಯೊಬ್ಬರೂ ಇಷ್ಟನ್ನು ನೋಡಲೇಬೇಕು ಅಂತ ನಾನು ಗಂಟಲು ಹರಿಯೋ ಹಾಗೆ ಹೇಳ್ತೀನಿ.

ದೊಡ್ಡಪ್ಪ: ಕಾನೂನು ಇಲ್ಲವಾ ಇದಕ್ಕೆ?

ಮಗಳು: ಇದೆ, ಸಣ್ಣದಾಗ್ತಾ ಇದೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಹಳೆಯ 30 ಮೀಟರ್ ಉಳಿಯಿತು. 2025ರ ಆಗಸ್ಟಿನಲ್ಲಿ ನಮ್ಮ ವಿಧಾನಮಂಡಲ ಆ 30 ಮೀಟರನ್ನೂ ಕೆರೆಯ ವಿಸ್ತೀರ್ಣ ನೋಡಿ ಇಳಿಸೋ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಣ್ಣ ಕೆರೆಗೆ ಸಣ್ಣ ಅಂಚು. ಪರಿಸರದ ಕಾಳಜಿಯವರು ರಾಜ್ಯಪಾಲರ ತನಕ ಹೋದರು. ನನ್ನ ಅಭಿಪ್ರಾಯ ಕೇಳಿದರೆ, ಇದು ಸಣ್ಣ ಊರುಗಳಿಗೆ ಮಾಡಿದ ಅನ್ಯಾಯ. ನಮ್ಮಂಥ ಊರಿನಲ್ಲಿ ಇರೋದೇ ಸಣ್ಣ ಕೆರೆ, ಕಟ್ಟೆ, ಗೋಕಟ್ಟೆ. ಹತ್ತು ಸಣ್ಣ ಕಟ್ಟೆ ಒಟ್ಟಿಗೆ ಹಿಡಿಯೋ ನೀರು ಹೊಳೆಗೆ ಒಂದು ದಿನ ತಡವಾಗಿ ಬಂದರೆ ಅಷ್ಟು ಅಪಾಯ ಕಡಿಮೆ.

ದೊಡ್ಡಪ್ಪ: ಲೇಔಟಿನಲ್ಲಿ ಪಾರ್ಕಿಗೆ ಜಾಗ ಬಿಡ್ತಾರಲ್ಲ, ಅದು ಯಾವಾಗಲೂ ಒಂದು ಮೂಲೆಯ ತಗ್ಗು. ಸೈಟು ಮಾಡೋಕಾಗದ್ದನ್ನ ಪಾರ್ಕು ಅಂತ ಬರೀತಾರೆ.

ಮಗಳು: ತಗ್ಗಿನಲ್ಲೇ ಬಿಡಲಿ! ಆದರೆ ಮಣ್ಣು ತುಂಬಿ ಎತ್ತರಿಸಿ ಬೇಲಿ ಹಾಕಬಾರದು. ಬಡಾವಣೆಯ ಮಳೆನೀರೆಲ್ಲ ಆ ತಗ್ಗಿಗೆ ಬಂದು ಎರಡು ದಿನ ನಿಂತು ಇಂಗಲಿ. ಬೇಸಿಗೆಯಲ್ಲಿ ಅದೇ ಮಕ್ಕಳ ಮೈದಾನ. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ ಲೇಔಟಿಗೆ ಒಪ್ಪಿಗೆ ಕೊಡುವಾಗ ಇದೊಂದು ಷರತ್ತು ಹಾಕಿದರೆ ಪೈಸೆ ಖರ್ಚಿಲ್ಲದೆ ಎರಡೂ ಊರಿನ ಅರ್ಧ ಸಮಸ್ಯೆ ಇಳಿಯುತ್ತೆ.

ದೊಡ್ಡಪ್ಪ: ಸರಿ, ಮಳೆನೀರು ಆಯ್ತು. ಕೊಳಚೆಗೆ ಏನು ಮಾಡ್ತೀ? ನೆಲದಡಿಯ ಒಳಚರಂಡಿ, ಯುಜಿಡಿ, ಅಂದರೆ ಕೋಟಿಗಟ್ಟಲೆ. ಶಿವಮೊಗ್ಗದಂಥ ಊರಿನಲ್ಲೇ ಪೂರ್ತಿ ಆಗಿಲ್ಲ.

ಮಗಳು: ನಮ್ಮಷ್ಟು ಊರಿಗೆ ಯುಜಿಡಿಯೇ ಬೇಕು ಅಂತಿಲ್ಲ. ಪಾಯಿಖಾನೆ ಗುಂಡಿಗಳನ್ನು ಟ್ಯಾಂಕರಿನಲ್ಲಿ ಎಳೆದು ಒಂದು ಕಡೆ ಒಯ್ದು ಗೊಬ್ಬರ ಮಾಡೋ ಘಟಕವನ್ನು ದೇವನಹಳ್ಳಿಯಲ್ಲಿ 2015ರಲ್ಲೇ ಶುರುಮಾಡಿದರು. ಊರಿಗೆಲ್ಲ ಒಂದು ಅನ್ನೋ ಥರದಲ್ಲಿ ದೇಶಕ್ಕೇ ಮೊದಲನೆಯದು. ಈಗ ಎಳೆದ ಟ್ಯಾಂಕರು ಎಲ್ಲಿ ಖಾಲಿ ಮಾಡ್ತಾರೆ ಅಂತ ಯಾರೂ ಕೇಳೋಲ್ಲ. ಉಳಿದದ್ದು ಬಚ್ಚಲು, ಅಡುಗೆಮನೆಯ ನೀರು. ಅದು ಚರಂಡಿಯಲ್ಲಿ ಬಂದು ಹೊಳೆಗೆ ಬೀಳೋ ಜಾಗ ಊರಿಗೆ ನಾಲ್ಕೋ ಐದೋ ಇರಬಹುದು. ಪ್ರತಿಯೊಂದರ ಮುಂದೆ ಒಂದು ಕೆಸರು ಕೂರೋ ಗುಂಡಿ, ಆಮೇಲೆ ಜಲ್ಲಿಕಲ್ಲು ತುಂಬಿ ಜೊಂಡು ನೆಟ್ಟ ಮಡಿ. ನೀರು ಜೊಂಡಿನ ಬೇರಿನಲ್ಲಿ ನಿಧಾನ ಹಾದು ಬಂದರೆ ವಾಸನೆ ಹೋಗುತ್ತೆ, ಹೊಲಸು ಬಹುಪಾಲು ಕಳೆಯುತ್ತೆ. ವರ್ಷಕ್ಕೊಮ್ಮೆ ಜೊಂಡು ಕೊಯ್ಯಬೇಕು, ಗುಂಡಿಯ ಹೂಳು ತೆಗೀಬೇಕು. ಕರೆಂಟು ಬೇಡ. ಲಕ್ಷ ಜನಕ್ಕಿಂತ ಕಡಿಮೆ ಇರೋ ಊರುಗಳ ಬಳಕೆನೀರು ಶುದ್ಧ ಮಾಡೋಕೆ ಸ್ವಚ್ಛ ಭಾರತದ ಎರಡನೆಯ ಹಂತದಲ್ಲಿ ಹಣವೂ ಇಟ್ಟಿದ್ದಾರೆ. ಕೇಳಬೇಕು ಅಷ್ಟೇ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಕಡೆಯಿಂದ ಬೆಳ್ಳಂದೂರಿಗೆ ಹೋಗೋ ರಾಜಕಾಲುವೆ, ಕೆ-100 ಅಂತಾರಲ್ಲ, ಅಲ್ಲೂ ಮೊದಲು ಮಾಡಿದ್ದು ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸೋದು. ನಡೆಯೋ ದಾರಿ, ಗಿಡ, ಬೆಂಚು ಎಲ್ಲ ಅದಾದ ಮೇಲೆ.

ದೊಡ್ಡಪ್ಪ: ನೀನು ಹೇಳೋದೆಲ್ಲ ಒಪ್ಪಿದೆ. ಆದರೆ ನನ್ನದೊಂದು ಮಾತು ನೀನೂ ಒಪ್ಪಬೇಕು. ಚರಂಡಿ, ಜೊಂಡು ಅಂತಲೇ ಹತ್ತು ವರ್ಷ ಕಳೀಬಾರದು. ನಿನ್ನ ದೊಡ್ಡಮ್ಮ ಸಂಜೆ ಎಲ್ಲಿ ಹೋಗಿ ಕೂರಬೇಕು? ಗಂಡಸರಿಗೆ ಸರ್ಕಲ್ಲಿನ ಹೋಟೆಲು ಇದೆ, ಬಸ್‌ಸ್ಟಾಂಡ್ ಇದೆ. ಹೆಂಗಸರಿಗೆ ದೇವಸ್ಥಾನ ಬಿಟ್ಟರೆ ಮನೆ. ಶಿವಮೊಗ್ಗದ ದಂಡೆಯಲ್ಲಿ ನಿನ್ನೆ ನಾನು ಗಮನಿಸಿದ್ದು ಅದನ್ನೇ. ವಯಸ್ಸಾದ ಹೆಂಗಸರು ಗುಂಪುಗುಂಪಾಗಿ ಚಪ್ಪಲಿ ಬಿಟ್ಟು ಕೂತಿದ್ದರು. ಅದನ್ನ ನೀನು ನಿನ್ನ ಕೊಳಚೆಯ ಲೆಕ್ಕದಲ್ಲಿ ಮರೆತೆ.

ಮಗಳು: ಹೌದು ದೊಡ್ಡಪ್ಪ, ಅದು ದೊಡ್ಡ ಮಾತು. ಹಾಗಾದರೆ ಒಂದು ಜಾಗ ಮಾತ್ರ, ಈಗಲೇ. ಬಟ್ಟೆ ಒಗೆಯೋಕೆ, ಸ್ನಾನಕ್ಕೆ ಜನ ಈಗಾಗಲೇ ಇಳಿಯೋ ಹಳೆಯ ಸೋಪಾನದ ಹತ್ತಿರ. ಹೊಸ ಮೆಟ್ಟಿಲು ಬೇಡ, ಕಿತ್ತುಹೋದ ಕಲ್ಲು ಸರಿಮಾಡಿ ಕೂರಿಸೋಣ. ಮೆಟ್ಟಿಲಿಗೆ ಮುಳುಗೋದು ಗೊತ್ತು, ನೀರು ಇಳಿದ ಮೇಲೆ ತೊಳೆದರೆ ಮತ್ತೆ ಕೂರಬಹುದು. ಗೋಡೆಗೆ ಅದು ಗೊತ್ತಿಲ್ಲ. ಮೇಲೆ ಎರಡು ದೀಪ, ನೀರಿನ ನಲ್ಲಿ, ಹೆಂಗಸರಿಗೆ ಬಾಗಿಲು ಭದ್ರ ಇರೋ ಶೌಚಾಲಯ. ಆರಾಧನೆಯ ದಿನ ಬರೋ ಜನಕ್ಕೂ ಅದೇ ಸಾಕು. ಟೈಲ್ಸು ಬೇಡ, ಪಾಚಿ ಹಿಡಿದು ಜಾರುತ್ತೆ.

ದೊಡ್ಡಪ್ಪ: ಹೆಸರು ಕೆತ್ತಿದ ಕಮಾನು?

ಮಗಳು: ಅದಕ್ಕೆ ದುಡ್ಡು ಸುರಿಯೋ ಬದಲು ಹೊಳೆಮತ್ತಿ ಸಸಿ ನೆಡೋಣ.

ದೊಡ್ಡಪ್ಪ: ಪಂಚಾಯಿತಿಯವರಿಗೆ ಇಷ್ಟೆಲ್ಲ ಹೇಳಿದರೆ ತಲೆ ತಿರುಗುತ್ತೆ. ಅರ್ಜಿಯಲ್ಲಿ ಏನು ಬರೀಲಿ, ಚಿಕ್ಕದಾಗಿ ಹೇಳು.

ಮಗಳು: ಈ ಮಳೆಗಾಲದಲ್ಲಿ, ಹಿಂದಿನ ನೆರೆಗಳಲ್ಲಿ ನೀರು ಎಲ್ಲಿ ತನಕ ಬಂತು ಅಂತ ವಯಸ್ಸಾದವರನ್ನೂ ಕೇಳಿ ಸೇತುವೆ ಕಂಬಕ್ಕೆ, ವೃಂದಾವನದ ಗೋಡೆಗೆ, ಶಾಲೆಯ ಗೋಡೆಗೆ ಬಣ್ಣದಲ್ಲಿ ಗೆರೆ ಎಳೆಸಲಿ, ಪಕ್ಕದಲ್ಲಿ ವರ್ಷ ಬರೆಸಲಿ. ಆ ಗೆರೆಯ ಕೆಳಗೆ ಭೂ ಪರಿವರ್ತನೆಗೆ ಪಂಚಾಯಿತಿ ಒಪ್ಪಿಗೆ ಕೊಡಬಾರದು. ಗದ್ದೆ ಗದ್ದೆಯಾಗಿರಲಿ, ಮುಳುಗಿದ ವರ್ಷ ಬೆಳೆ ಪರಿಹಾರ ತಡಮಾಡದೆ ಸಿಗಲಿ. ಬಿ ಖರಾಬು ಹಳ್ಳಗಳನ್ನು ಅಳತೆ ಮಾಡಿಸಿ ಕಲ್ಲು ನೆಡಿಸಲಿ. ಹೊಳೆಗೆ ಬೀಳೋ ಪ್ರತಿ ಚರಂಡಿಯ ಬಾಯಿಯನ್ನೂ ಗುರುತು ಮಾಡಲಿ.

ದೊಡ್ಡಪ್ಪ: ಭದ್ರಾವತಿ ನಗರಸಭೆಗೂ ಒಂದು ಪ್ರತಿ ಕಳಿಸ್ತೀನಿ. ನಾವು ನಮ್ಮ ಚರಂಡಿಗೆ ಜೊಂಡು ನೆಟ್ಟು ಅವರು ಹಾಗೇ ಬಿಟ್ಟರೆ ಏನು ಬಂತು?

ಮಗಳು: ಶಿವಮೊಗ್ಗ ಮಹಾನಗರ ಪಾಲಿಕೆಗೂ ಕಳಿಸಿ. ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಇನ್ನು ಆ ದಂಡೆಯನ್ನು ನೋಡಿಕೊಳ್ಳಬೇಕಾದೋರು ಪಾಲಿಕೆಯೇ. ದಂಡೆ ಮಾಡಿದ್ದಕ್ಕೆ ಕೆಳಗಿನ ಊರಿನವರು ನಿಮ್ಮನ್ನು ಮೆಚ್ಚಿದ್ದೀವಿ, ಉಳಿದ ಅರ್ಧ ಕೆಲಸ ಯಾವಾಗ ಅಂತ ಗೌರವದಿಂದಲೇ ಕೇಳಿ.

ದೊಡ್ಡಪ್ಪ: ಬರೆಯೋದು ನೀನು ಬರೆ. ಮೊದಲ ಸಾಲಿನಲ್ಲೇ ಹಾಕು: ನಮ್ಮ ಚರಂಡಿ ನೀರು ತಿಳಿಯಾಗೋ ತನಕ ಹೊಳೆಹೊನ್ನೂರಿನ ಹೊಳೆದಂಡೆಗೆ ಒಂದು ಕಲ್ಲನ್ನೂ ಹೊಸದಾಗಿ ಹಾಸಬೇಡಿ, ಆ ಹಣವನ್ನು ಮೊದಲು ಚರಂಡಿಗೆ ಹಾಕಿ. ಇದನ್ನು ಓದಿದ ಊರಿನವರು ಯಾರೇ ಇದ್ದರೂ ಬಂದು ಸಹಿ ಹಾಕಲಿ.